ಪ್ರೇಕ್ಷಣೀಯ ಸ್ಥಳಗಳ ಸಾಲಿನಲ್ಲಿ ನಾನು

ಕೆನಡಾದ ಒಂದು ಹಳ್ಳಿಗಾಡಿನ ಪುರಸಭೆ, ನನ್ನ ಅನುಮತಿ ಕೇಳದೆ, ನನ್ನನ್ನು ತನ್ನ ಪ್ರೇಕ್ಷಣೀಯ ಸ್ಥಳಗಳ ಸಾಲಿಗೆ ಸೇರಿಸಿದೆ! ಲಂಡನ್ನಿನ ಫೆಲ್ಥಮ್‌ನಲ್ಲಿ ಮರ್ಯಾದೆಯಿಂದ ಬಾಳುತ್ತಿರುವ ನಿವೃತ್ತ ಶಸ್ತ್ರವೈದ್ಯನಿಗೆ ಇದಕ್ಕಿಂತ ದೊಡ್ಡ ಅಪಮಾನವಿಲ್ಲ.

ಆ ಊರಿನಲ್ಲಿ ನನ್ನ ಹೆಂಡತಿಯ ತಮ್ಮ ಪ್ರಹ್ಲಾದ ನೆಲೆಸಿದ್ದಾನೆ. "ಬರ್ರಿ ಭಾವಾರ, ನಮ್ಮೂರಾಗ ನೋಡೋವು ಭಾಳ ಅವ" ಎಂದು ಫೋನಿನಲ್ಲಿ ಕರೆದು, ಪುರಸಭೆಯ ಬಣ್ಣದ ಕರಪತ್ರವನ್ನೂ ಕಳಿಸಿದ. ನಾನು ನಂಬಿದೆ. ಮರಳಿದ ಮೇಲೆ ಸ್ಲೈಡ್ ಪ್ರದರ್ಶನ ಕೊಡುವುದಾಗಿ ವೆಂಬ್ಲಿಯ ಕನ್ನಡ ಬಳಗದೆದುರು ಘೋಷಿಸಿಯೂ ಬಿಟ್ಟೆ.

ಹೋಗಿ ನೋಡಿದರೆ, ಕರಪತ್ರದ ಮರದ ಸೇತುವೆಗೆ ದುರಸ್ತಿಯ ಬೇಲಿ. ವಸ್ತುಸಂಗ್ರಹಾಲಯದ ಕೀಲಿ ಇಟ್ಟುಕೊಂಡಾತ ಮೀನು ಹಿಡಿಯಲು ಹೋಗಿದ್ದ!

"ಮೂರನೇದು ನಾಳೆ ಪುರಸಭೆ ಮುಂದ ಇಡ್ತಾರ್ರಿ. ಏನಂತ ಈಗ ಹೇಳಂಗಿಲ್ಲ" ಎಂದು ನಕ್ಕು, ಪ್ರಹ್ಲಾದ ಟ್ರ್ಯಾಕ್ಟರ್ ತರಲು ಹೋದ.

ಅಷ್ಟರಲ್ಲಿ ನನ್ನ ಹೆಂಡತಿಗೆ ಹಿತ್ತಲ ಕೊಟ್ಟಿಗೆಯಲ್ಲಿ ಕುಂಬಳಕಾಯಿ ಕಂಡಿತು.

"ಏನ್ರೀ, ಒಂದ್ ಹೋಳು ಕೊಯ್ದ್ ಕೊಡ್ರಿ. ಹುಳಿ ಮಾಡ್ತೀನಿ."

"ನೀನೇ ಕೊಯ್ಯಬಾರದೆ?"

"ಇಡೀ ಕುಂಬಳಕಾಯಿಗೆ ಹೆಣ್ಮಕ್ಕಳು ಮೊದಲ ಚೂರಿ ಹಾಕಬಾರದು. ಮರ್ತ್ರೇನು?"

ಅದು ಎಮ್ಮೆಕರುವಿನಷ್ಟಿತ್ತು. ಕೆನಡಾದಲ್ಲಿ ಎಲ್ಲವೂ ದೊಡ್ಡದೆಂದು ಕೇಳಿದ್ದೆ, ಸಂಶಯ ಬರಲಿಲ್ಲ. ಚಾಕು ಬಾಗಿತು. ಗರಗಸ ತಂದೆ. ವೃತ್ತಿಗೌರವದ ಪ್ರಶ್ನೆ! ಎರಡು ಸಮಭಾಗಗಳು, ಒಂದು ಗೀರೂ ಓರೆಯಿಲ್ಲ.

ಆಗಲೇ ಟ್ರ್ಯಾಕ್ಟರ್ ಬಂತು. ಜೊತೆಗೆ ಪುರಸಭಾಧ್ಯಕ್ಷರು, ಒಬ್ಬ ಛಾಯಾಗ್ರಾಹಕ.

"ಭಾವಾರ!" ಪ್ರಹ್ಲಾದ ಕುಸಿದು ಕುಳಿತ. "ಅದು ನಾಳೆ ಪುರಸಭೆ ಮುಂದ ಇಡೋ ಊರಿನ ಹೆಮ್ಮೆ ಕುಂಬಳಕಾಯಿರೀ! ಇಷ್ಟು ವರ್ಷದಾಗ ಮೊದಲನೇ ಸಲ ನನ್ನದ ಆರಿಸಿದ್ರು!"

"ಒಂದ್ ಹೋಳು ಸಾಕು ಅಂತ ನಾ ಹೇಳೇ ಹೇಳಿದ್ನಪಾ" ಎಂದಳು ನನ್ನ ಧರ್ಮಪತ್ನಿ. "ಇವ್ರು ಯಾರ ಮಾತು ಕೇಳ್ತಾರ?"

ಛಾಯಾಗ್ರಾಹಕ ಕ್ಲಿಕ್ಕಿಸಿದ.

ಪ್ರಹ್ಲಾದ ಈಗ ಫೋನ್ ಮಾಡಿದರೆ ಅಕ್ಕನೊಡನೆ ಮಾತ್ರ ಮಾತಾಡುತ್ತಾನೆ. ಹೊಸ ಕರಪತ್ರ ಮಾತ್ರ ನನ್ನ ಹೆಸರಿಗೇ ಬಂದಿದೆ. ಸೇತುವೆ, ಸಂಗ್ರಹಾಲಯ, ಆಮೇಲೆ ಗರಗಸ ಹಿಡಿದ ನಾನು: "ನಮ್ಮ ಕುಂಬಳಕಾಯಿಯನ್ನು ಕೊಯ್ದ ಲಂಡನ್ ಮಹನೀಯರು." ಹೆಂಡತಿ ಅದನ್ನು ವೆಂಬ್ಲಿಯಲ್ಲಿ ಕೈಯಿಂದ ಕೈಗೆ ದಾಟಿಸಿದಳು. ಇನ್ನು ಸ್ಲೈಡ್ ಬೇಡ, ಇದೊಂದೇ ಸಾಕೆಂದು ಬಳಗ ತೀರ್ಮಾನಿಸಿತು.

ಮಾನ್ಯ ಪುರಸಭೆಯವರೇ, ಕೆಟ್ಟ ಸೇತುವೆಗೆ ಬೇಲಿ ಹಾಕಿದವರು ಕುಂಬಳಕಾಯಿಗೆ ಒಂದು ಚೀಟಿ ಅಂಟಿಸಲಿಲ್ಲ. ಹೋಗಲಿ, ಕ್ಷಮಿಸಿದ್ದೇನೆ. ಆದರೆ ಆ ಚಿತ್ರದಲ್ಲಿ ನನ್ನ ಪಕ್ಕದಲ್ಲೇ ಹುಳಿಯ ಪಾತ್ರೆ ಹಿಡಿದು ನಿಂತಿದ್ದ ನನ್ನ ಹೆಂಡತಿಯನ್ನು ಮಾತ್ರ ಅಷ್ಟು ಅಚ್ಚುಕಟ್ಟಾಗಿ ಕತ್ತರಿಸಿ ತೆಗೆದಿರೇಕೆ?