ಬಟನ್ನಿಗೆ ಹೆಸರಿಟ್ಟ ಕಥೆ

ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕೂತು ವೆಬ್ ಪುಟ ಬರೆಯುತ್ತಿದ್ದ ನನ್ನ ಮರ್ಯಾದೆ ವಾರಕ್ಕೊಮ್ಮೆಯಾದರೂ ಹೋಗುತ್ತಿತ್ತು. ಇನ್ನೂ ಡಯಲ್ ಮಾಡಿ ಇಂಟರ್ನೆಟ್ಟಿಗೆ ಕಾಯುತ್ತಿದ್ದ ಕಾಲ. ವಿದೇಶದ ಗಿರಾಕಿ ನಮ್ಮ ಪುಟದ ಫಾರಂ ತುಂಬಿ ಆರ್ಡರ್ ಕಳಿಸುವಂತಾದರೆ ದಾವಣಗೆರೆಯಿಂದ ಬಂದ ನನಗೆ ಕೆಲಸ ಖಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಬೇಕು ಎಂದು ಯಜಮಾನರು ಹೇಳಿಬಿಟ್ಟಿದ್ದರು.

೧. ಒಂದಕ್ಷರದ ಅಪ್ಪ

ಮೊದಲು ಫಾರಂ ತುಂಬಿ ನೋಡಲು ಕೂತವರು ಮ್ಯಾನೇಜರ್. ಮನೆತನದ ಹೆಸರು ಕೇಳಿದ ಕಡೆ, ಇಲ್ಲಿಯವರೆಲ್ಲ ಬರೆಯುವಂತೆ, ಅಪ್ಪನ ಹೆಸರಿನ ಮೊದಲಕ್ಷರ ಒಂದನ್ನೇ ಒತ್ತಿದರು. 'ಹೆಸರು ತೀರಾ ಚಿಕ್ಕದು' ಎಂದು, ತುಂಬಿದ್ದನ್ನು ತಪಾಸಣೆ ಮಾಡಲು ನಾನು ಬರೆದಿದ್ದ ಸ್ಕ್ರಿಪ್ಟ್ ಕೆಂಪಕ್ಷರದಲ್ಲಿ ಗದರಿತು. ಅವರು ಎದ್ದು ನಿಂತರು. ರೇಷನ್ ಕಾರ್ಡಿಗೆ, ಮದುವೆ ಪತ್ರಿಕೆಗೆ ಸಾಕಾದ ಅಪ್ಪ ನಿಮ್ಮ ಪೆಟ್ಟಿಗೆಗೆ ಸಾಲದೇ ಎಂದು ಕೇಳಿದರು. ನಾನು ಸ್ಕ್ರಿಪ್ಟ್ ತಿದ್ದಿ ಅವರಪ್ಪನನ್ನು ಒಳಗೆ ಬಿಟ್ಟ ಮೇಲೆಯೇ ಊಟಕ್ಕೆ ಹೋದರು.

೨. ಎಲ್ಲರೂ ಡಾಕ್ಟರರೇ

ಆಮೇಲೆ ಕಳಿಸುವ ಬಟನ್ ಕೈಕೊಟ್ಟಿತು. ಒತ್ತಿದರೆ ಬ್ರೌಸರಿನ ಮೂಲೆಯಲ್ಲಿ ಎಲ್ಲೋ ತಪ್ಪಿದೆ ಎನ್ನುವ ಹಳದಿ ತ್ರಿಕೋನ, ಅಷ್ಟೆ. ಸಾಲು ಸಾಲು ಓದಿದರೂ ತಪ್ಪು ಸಿಗಲಿಲ್ಲ. ಕರೆಂಟಿನ ವೋಲ್ಟೇಜ್ ಕಡಿಮೆ ಅಂದರು ಮ್ಯಾನೇಜರ್. ಮೌಸಿಗೆ ಎಣ್ಣೆ ಬಿಡಿ ಅಂದರು ಕಟಿಂಗ್ ಮಾಸ್ಟರ್. ಇಂಜಿನಿಯರಿಂಗ್ ಓದಿ ಇದನ್ನೆಲ್ಲ ಕೇಳಬೇಕೇ ಎಂದು ನನಗೆ ಮೈಯೆಲ್ಲ ಉರಿಯಿತು. ಮುಖ ತೊಳೆದು ಬರುವಷ್ಟರಲ್ಲಿ ಮೇಜಿನ ಮೇಲೆ ಹೊಲಿಗೆ ಯಂತ್ರದ ಎಣ್ಣೆ ಬಾಟಲಿ ಬಂದು ಕೂತಿತ್ತು.

೩. ನಾಮಕರಣ

ಯಜಮಾನರದು ತಲೆಮಾರುಗಳಿಂದ ಇಲ್ಲೇ ನೆಲೆಸಿದ ನೇಕಾರ ಮನೆತನ; ಮನೆಮಾತು ಕನ್ನಡ, ಅದರಲ್ಲಿ ಅರ್ಧ ತಮಿಳು. ಹುಡುಗಿಯರೆಲ್ಲ ಅವರಿಗೆ ಅಮ್ಮಣಿ, ಹೆಸರು ಅವರಿಗೆ ಪೇರು. ಮಗ್ಗವಾಗಲಿ ಯಂತ್ರವಾಗಲಿ, ಹೆಸರಿಟ್ಟು ಕುಂಕುಮ ಹಚ್ಚದೆ ಅವರು ಓಡಿಸುವವರಲ್ಲ.

"ಅಮ್ಮಣೀ, ಆ ಬಟನ್ನಿಗೆ ಏನು ಪೇರು ಇಟ್ಟೆ?" ಎಂದು ಕೇಳಿದರು.

"ಸಬ್ಮಿಟ್" ಅಂದೆ.

"ಅದೊಂದು ಪೇರಾ? ನಮ್ಮ ಮನೆದೇವರು ಚೌಡಮ್ಮನ ಪೇರು ಇಡು, ತಾನಾಗೇ ಓಡ್ತದೆ."

ಇದು ಶುದ್ಧ ಮೂಢನಂಬಿಕೆ ಎಂದು ಎಲ್ಲರೆದುರು ತೋರಿಸಿಯೇ ಬಿಡುವ ಹಟ ಬಂತು ನನಗೆ. ಕೋಡಿನಲ್ಲಿ ಬಟನ್ನಿನ ಹೆಸರನ್ನು ಚೌಡಮ್ಮ ಎಂದು ಬದಲಿಸಿ, ಬೇರೇನನ್ನೂ ಮುಟ್ಟದೆ ಒತ್ತಿದೆ. ಆರ್ಡರ್ ಹೋಯಿತು. ಮ್ಯಾನೇಜರ್ ಕಂಪ್ಯೂಟರಿಗೆ ಕೈಮುಗಿದರು.

ಕಾರಣ ನನಗೆ ಆಗ ಹೊಳೆಯಿತು, ಸಿಟ್ಟು ಇನ್ನೂ ಏರಿತು. ಅಲ್ಲೇ ನಿಂತು ಪಾಠ ಮಾಡಿದೆ. ಫಾರಂ ಕಳಿಸುವ ಆಜ್ಞೆಯ ಹೆಸರೂ ಸಬ್ಮಿಟ್ಟೇ. ಬಟನ್ನಿಗೂ ಅದನ್ನೇ ಇಟ್ಟಿದ್ದರಿಂದ, ಸ್ಕ್ರಿಪ್ಟ್ ಆ ಹೆಸರಿನಿಂದ ಆಜ್ಞೆಯನ್ನು ಕರೆದಾಗ ಅದರ ಬದಲು ಬಟನ್ ಅಡ್ಡ ಬಂದು ನಿಲ್ಲುತ್ತಿತ್ತು. ಇದರಲ್ಲಿ ದೇವರದು ಏನೂ ಇಲ್ಲ, ಕೆಟ್ಟದ್ದು ಹೆಸರಿನಿಂದ, ಸರಿಹೋದದ್ದು ಹೆಸರು ಬದಲಿಸಿದ್ದರಿಂದ ಎಂದು ಮೇಜು ಕುಟ್ಟಿ ಹೇಳಿದೆ.

ಯಜಮಾನರು ಪೂರ್ತಿ ಕೇಳಿಸಿಕೊಂಡರು. ನನ್ನ ಕೆಲಸ ಖಾಯಂ ಮಾಡಲು ಮ್ಯಾನೇಜರಿಗೆ ಹೇಳಿ, ಮಾನಿಟರಿಗೆ ಕುಂಕುಮ ಹಚ್ಚುತ್ತಾ ಅಂದರು:

"ನಾನೂ ಅದೇ ಅಲ್ಲವಾ ಅಮ್ಮಣೀ ಹೇಳಿದ್ದು?"