ಎರಡನೇ ನಂಬರಿನ ಬಾಟಲಿ

ರಸಾಯನಶಾಸ್ತ್ರದ ಮೇಷ್ಟ್ರು ತಮ್ಮ ಸ್ವಂತ ಬಚ್ಚಲಲ್ಲಿ, ನಾಲ್ಕು ಜನ ಮಾಡುವ ಹಾಗೆ ಸ್ನಾನ ಮಾಡಿ ನಾಲ್ಕು ತಿಂಗಳಾಗಿತ್ತು. ಕಾರಣ, ಫೋನಿನಲ್ಲಿ ಬಂದ ಮೂರು ನಿಮಿಷದ ಒಂದು ವಿಡಿಯೋ. ಅದನ್ನು ನೋಡಿದ ದಿನವೇ ಅವರ ಹೆಂಡತಿ ಫಿನಾಯಿಲು, ಆಸಿಡ್ಡು, ಸೋಪಿನ ಪುಡಿ ಎಲ್ಲವನ್ನೂ ವಿಷವೆಂದು ಮನೆಯಿಂದ ಗಡೀಪಾರು ಮಾಡಿದ್ದರು. ಮಾರನೇ ದಿನ ನಿಂಬೆ, ಕಿತ್ತಳೆ ಸಿಪ್ಪೆಗೆ ಸಕ್ಕರೆ, ನೀರು ಬೆರೆಸಿ ಹನ್ನೊಂದು ಬಕೆಟ್ಟು ಕೊಳೆಹಾಕಿದರು. ಅದು ಕತ್ತಲಲ್ಲಿ, ತಂಪಲ್ಲಿ, ಅಲುಗಾಡದೆ ಮೂರು ತಿಂಗಳು ಕೂರಬೇಕಂತೆ. ಮನೆಯಲ್ಲಿ ಅಂಥ ಜಾಗ ಬಚ್ಚಲೊಂದೇ. ಒಂದು ಬಕೆಟ್ಟು ಸೋಸಿ ಖಾಲಿಯಾದರೆ ಅಲ್ಲಿಗೆ ಇನ್ನೊಂದು ಬಂದು ಕೂರುತ್ತಿತ್ತು. ಹೆಂಡತಿ ಹೇಗೋ ಬಕೆಟ್ಟುಗಳ ಸಂದಿಯಲ್ಲಿ ನಿಂತು ಎರಡು ಚೊಂಬು ಸುರಿದುಕೊಳ್ಳುತ್ತಿದ್ದರು. ಮೇಷ್ಟ್ರ ಹೊಟ್ಟೆಗೆ ಆ ಸಂದಿ ಸಾಲುತ್ತಿರಲಿಲ್ಲ.

ಹಾಗಾಗಿ ಅವರು ಶಾಲೆಗೆ ಎಲ್ಲರಿಗಿಂತ ಮೊದಲೇ ಹೋಗಿ, ಪ್ರಯೋಗಾಲಯದ ಸಿಂಕಿನ ಮುಂದೆ ಟವೆಲ್ ಸುತ್ತಿ ನಿಂತು, ಬೀಕರಿನಲ್ಲಿ ಮೊಗೆದು ಸ್ನಾನ ಮುಗಿಸುತ್ತಿದ್ದರು. ಶನಿವಾರ ಹೆಡ್‌ಮಾಸ್ಟರು ಬಾಗಿಲು ತೆರೆದುಬಿಟ್ಟರು. ಬೀಕರನ್ನು ನೋಡಿದರು, ಟವೆಲನ್ನು ನೋಡಿದರು. ಸೋಮವಾರವೂ ಇದೇ ದರ್ಶನವಾದರೆ ಸಸ್ಪೆಂಡ್ ಮಾಡುತ್ತೇನೆಂದು ಹೇಳಿ ಬಾಗಿಲೆಳೆದುಕೊಂಡು ಹೋದರು.

ಅಂದರೆ ಮೇಷ್ಟ್ರ ಕೈಲಿದ್ದದ್ದು ಭಾನುವಾರವೊಂದೇ. ಅವತ್ತೇ ಅವರ ಮನೆಯಿದ್ದ ಕಟ್ಟಡದ ಮೆಟ್ಟಿಲು ತೊಳೆಯುವ ದಿನ. ಕಟ್ಟಡದ ಸೆಕ್ರೆಟರಿ ನಿವೃತ್ತರು, ಕೆಲಸವಿಲ್ಲದವರು, ಆದ್ದರಿಂದ ಎಲ್ಲರ ಕೆಲಸದಲ್ಲೂ ಮೂಗು ತೂರಿಸುವವರು. ಸಾಲದ್ದಕ್ಕೆ ಹೆಡ್‌ಮಾಸ್ಟರಿಗೆ ಖಾಸಾ ಭಾವ. ಇನ್ನು ಮೇಲೆ ಮೆಟ್ಟಿಲಿಗೆ ಮೇಷ್ಟ್ರ ಹೆಂಡತಿಯ ಸಿಪ್ಪೆ ದ್ರಾವಣವೇ ಎಂದು ಅವರು ಘೋಷಿಸಿದರು. ಎದುರುಮನೆಯ ಹೊಲಿಗೆಯಾಕೆ, ಅದರಿಂದ ತನ್ನ ಮಂಡಿನೋವೂ ಕಡಿಮೆಯಾಗಿದೆ ಎಂದಳು. ನೆಲ ಒರೆಸಿದ್ದಕ್ಕೆ ಮಂಡಿನೋವು ಹೋಗಿದೆಯಂತೆ! ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು.

"ಬರೀ ನೀರಲ್ಲಿ ತೊಳೆದ್ರೂ ಇಷ್ಟೇ ಸ್ವಚ್ಛ ಆಗುತ್ತೆ. ತೋರಿಸ್ತೀನಿ," ಎಂದರು ಹೆಂಡತಿಗೆ. "ತೋರಿಸಿದ್ರೆ ಬಕೆಟ್ಟೆಲ್ಲ ಬಚ್ಚಲಿಂದ ಆಚೆ ಹೋಗ್ಬೇಕು."

"ಆಯ್ತು ಕಣ್ರೀ. ಸೋತ್ರೆ ಒಂದು ಬಕೆಟ್ಟೂ ಒಳಗಿರಲ್ಲ," ಎಂದರು ಆಕೆ, ಎಲ್ಲರೆದುರಿಗೇ.

ಇಪ್ಪತ್ತು ವರ್ಷ ಪಾಠ ಹೇಳಿದ ಮೇಷ್ಟ್ರು ಪರೀಕ್ಷೆಯನ್ನು ಶಿಸ್ತಾಗಿಯೇ ನಡೆಸಿದರು. ಒಂದೇ ಥರದ ಎರಡು ಕಪ್ಪು ಬಾಟಲಿ. ಒಂದನೇ ನಂಬರಿನಲ್ಲಿ ದ್ರಾವಣ, ಎರಡನೆಯದರಲ್ಲಿ ತಮ್ಮ ಬಚ್ಚಲ ನಲ್ಲಿಯ ನೀರು. ಯಾವುದರಲ್ಲಿ ಏನೆಂದು ಯಾರಿಗೂ ಹೇಳಲಿಲ್ಲ. ಮೆಟ್ಟಿಲ ಎಡಭಾಗಕ್ಕೆ ಒಂದನೆಯದು, ಬಲಭಾಗಕ್ಕೆ ಎರಡನೆಯದು. ಸೆಕ್ರೆಟರಿ ಎರಡನೇ ಬಾಟಲಿ ಮೂಸಿ, ಕಿತ್ತಳೆಯ ಘಮ ಮೂಗಿಗೆ ಬಡಿಯುತ್ತಿದೆ ಎಂದರು. ಹೊಲಿಗೆಯಾಕೆ ಒಂದನೆಯದನ್ನು ಮುಟ್ಟಿ, ಥೂ, ಕೈ ಉರಿಯುತ್ತೆ, ನೀರಿಗೆ ಅಂಗಡಿಯ ವಿಷ ಬೆರೆಸಿದ್ದಾರೆ ಎಂದಳು. ಮೇಷ್ಟ್ರು ಮೀಸೆಯಡಿ ನಕ್ಕರು.

ಮೆಟ್ಟಿಲು ಒಣಗಿತು. ಬಲಭಾಗ ಫಳಫಳ ಹೊಳೆಯುತ್ತಿತ್ತು. ಎಡಭಾಗ ಅಂಟಂಟಾಗಿ, ಸಕ್ಕರೆಗೆ ಬಂದ ಇರುವೆ ಕೆಳಗಿನಿಂದ ಮೂರನೇ ಮಹಡಿಯವರೆಗೆ ಸಾಲುಗಟ್ಟಿತ್ತು. ಎಲ್ಲರೂ ಒಕ್ಕೊರಲಿನಿಂದ ಎರಡನೇ ನಂಬರಿಗೆ ಜೈ ಎಂದರು. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಎರಡನೇ ನಂಬರು ನಮ್ಮ ಬಚ್ಚಲ ನಲ್ಲಿ ನೀರು. ಬರೀ ನೀರು," ಎಂದರು.

ಹೆಂಡತಿಯ ಮುಖ ಸಪ್ಪಗಾಯಿತು. ಆದರೂ ಕೊಟ್ಟ ಮಾತಿಗೆ ತಪ್ಪದೆ, ಮಧ್ಯಾಹ್ನದೊಳಗೆ ಹನ್ನೊಂದು ಬಕೆಟ್ಟನ್ನೂ ಹೊರಗೆ ಸಾಗಿಸಿದರು. ಮೇಷ್ಟ್ರು ಖಾಲಿ ಬಚ್ಚಲನ್ನು ಕಣ್ತುಂಬ ನೋಡಿದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅವರಿಗೆ ಹಾಯೆನಿಸಿತು. ಸಂಜೆ ಬಿಸಿನೀರು ಕಾಯಿಸಿ ಸಾವಕಾಶವಾಗಿ ಸ್ನಾನ ಮಾಡೋಣವೆಂದು ಮಲಗಿ, ಗೊರಕೆ ಹೊಡೆದರು.

ಎದ್ದು ಸೊಂಟಕ್ಕೆ ಟವೆಲ್ ಸುತ್ತಿಕೊಂಡು ಬಂದರೆ ಬಚ್ಚಲ ಬಾಗಿಲಲ್ಲಿ ಜನ. ಸಾಲು ಹಜಾರ ದಾಟಿ, ಮೆಟ್ಟಿಲಿಳಿದು, ರಸ್ತೆ ಮುಟ್ಟಿತ್ತು. ಎಲ್ಲರ ಕೈಯಲ್ಲೂ ಬಕೆಟ್ಟು, ಕ್ಯಾನು. ಹೆಂಡತಿ ನಲ್ಲಿಯ ಪಕ್ಕ ಸ್ಟೂಲು ಹಾಕಿ ಕೂತು, ಮನೆಗೆ ಎರಡೇ ಬಕೆಟ್ಟು ಎಂದು ಗದರುತ್ತಿದ್ದರು. ಮುಖದಲ್ಲಿ ಬೆಳಗಿನದಕ್ಕಿಂತ ಹೆಚ್ಚು ಕಳೆ ಬಂದಿತ್ತು.

"ನಾಲ್ಕು ತಿಂಗಳು ಸಿಪ್ಪೆ ಜೊತೆ ಇತ್ತಲ್ಲ ಮೇಷ್ಟ್ರೇ, ನಲ್ಲಿಗೇ ಗುಣ ಇಳಿದಿದೆ," ಎಂದರು ಸೆಕ್ರೆಟರಿ.

ಇಡೀ ಕಟ್ಟಡಕ್ಕೆ ಒಂದೇ ಟ್ಯಾಂಕು, ನಿಮ್ಮ ಮನೆಯ ನಲ್ಲಿಯಲ್ಲೂ ಇದೇ ನೀರು ಎಂದು ಮೇಷ್ಟ್ರು ಗಂಟಲು ಹರಿಯುವಂತೆ ಕೂಗಿದರು.

"ಟ್ಯಾಂಕು ಒಂದೇ. ಪೈಪು ಬೇರೆ," ಎಂದರು ಸೆಕ್ರೆಟರಿ, ದಡ್ಡ ವಿದ್ಯಾರ್ಥಿಗೆ ತಿಳಿಹೇಳುವ ಧ್ವನಿಯಲ್ಲಿ.

ಎಲ್ಲರನ್ನೂ ತಳ್ಳಿ ಒಳನುಗ್ಗಲು ಹೋದ ಮೇಷ್ಟ್ರ ಟವೆಲನ್ನು ಯಾರೋ ಹಿಂದಿನಿಂದ ಹಿಡಿದೆಳೆದರು. ತಿರುಗಿದರೆ ಹೆಡ್‌ಮಾಸ್ಟರು. ಕೈಯಲ್ಲಿ ಇಪ್ಪತ್ತು ಲೀಟರಿನ ಕ್ಯಾನು.

"ಸಾಲಲ್ಲಿ ಬನ್ನಿ ಮೇಷ್ಟ್ರೇ," ಎಂದರು ಅವರು. "ಮನೇಲಿ ಇಂಥ ನೀರಿಟ್ಕೊಂಡು ಶಾಲೆ ಸಿಂಕಲ್ಲಿ ಸ್ನಾನ ಮಾಡ್ತಿದ್ರಲ್ಲ, ನಾಚಿಕೆ ಆಗ್ಲಿಲ್ವಾ? ನಾಳೆ ಅಲ್ಲಿ ಕಂಡ್ರೆ ಸಸ್ಪೆಂಡ್ ಗ್ಯಾರಂಟಿ."

ಮೇಷ್ಟ್ರು ಟವೆಲ್ ಬಿಗಿಮಾಡಿಕೊಂಡು ಮೆಟ್ಟಿಲಿಳಿದು, ರಸ್ತೆಯಲ್ಲಿ ಸಾಲಿನ ಕೊನೆಗೆ ಹೋಗಿ ನಿಂತರು. ಮುಂದಿದ್ದ ಹೆಂಗಸು ತಿರುಗಿ ನೋಡಿ, ಬಕೆಟ್ಟಿಲ್ಲದವರಿಗೆ ನೀರು ಕೊಡುವುದಿಲ್ಲವಂತೆ ಎಂದಳು.