ಒಬ್ಬರು ಕಮ್ಮಿ

ಎಡಗೈಯಲ್ಲಿ ಓಟ್ಸ್ ಗಂಜಿ ತಿರುವುತ್ತ, ಬಲಗೈಯಲ್ಲಿ ಮುದುಕ ಪ್ಯಾಕಿ ಗಿಲ್‌ಹೂಲಿಯ ಪಾದವನ್ನು ಚಪ್ಪಲಿಯೊಳಗೆ ತುರುಕುತ್ತಿದ್ದ ಫಿಂಟನ್ ಕ್ವಿಗ್ಲಿಯ ಜೇಬಿನಲ್ಲಿ ಫೋನು ಕಿರುಚಿತು. ಅವನಿಗೆ ಮೂರನೆಯ ಕೈ ಇಲ್ಲದ್ದರಿಂದ ಪ್ಯಾಕಿಯೇ ಅದನ್ನು ಎಳೆದು ಕಿವಿಗಿಟ್ಟುಕೊಂಡ.

"ಪೆಟ್ರೋಲ್ ಬಂಕಿನ ಹುಡುಗಿ," ಅಂದ. "ತಪಾಸಣೆಯವರ ಬೂದು ಕಾರು ಈಗಷ್ಟೇ ನಮ್ಮ ರಸ್ತೆಗೆ ತಿರುಗಿತಂತೆ. ಹತ್ತೇ ನಿಮಿಷ."

ಗಂಜಿ ಉಕ್ಕಿತು.

ಫಿಂಟನ್ ಆ ವೃದ್ಧಾಶ್ರಮದ ಮ್ಯಾನೇಜರು. ಈ ವರ್ಷದಲ್ಲಿ ಐದನೆಯವನು, ಬಂದು ಮೂರು ವಾರ. ಡಬ್ಲಿನ್ನಿನಲ್ಲಿದ್ದ ಮಾಲೀಕರು ಅವನ ಮುಖ ನೋಡಿರಲಿಲ್ಲ; ತಪಾಸಣೆ ಪಾಸಾದರೆ ಕೆಲಸ ಕಾಯಂ, ಇಲ್ಲವಾದರೆ ಆರನೆಯವನನ್ನು ಹುಡುಕುತ್ತೇವೆ ಅಂತ ಫೋನಿನಲ್ಲೇ ಹೇಳಿದ್ದರು. ಹನ್ನೆರಡು ಹಿರಿಯರಿಗೆ ಮೂವರು ಆರೈಕೆಯವರು ಇರಲೇಬೇಕು. ಇದ್ದವರು ಇಬ್ಬರು. ಮೂರನೆಯವಳಾದ ಡಿಂಪ್ನಾ, ಹಸು ಕರು ಹಾಕುತ್ತಿದೆ ಅಂತ ತನ್ನ ಮನೆಯ ಕೊಟ್ಟಿಗೆಯಲ್ಲಿದ್ದಳು. ಅವಳ ನೀಲಿ ಸಮವಸ್ತ್ರದ ಅಂಗಿಯೊಳಗೆ ಫಿಂಟನ್ ಇದ್ದ. ಗುಂಡಿಗಳು ಉಸಿರು ಬಿಗಿಹಿಡಿದು ನಿಂತಿದ್ದವು.

"ಮೂರನೆಯವನು ನಾನೇ ಅಂತೀನಿ," ಅಂದ.

"ಮ್ಯಾನೇಜರನ್ನ ಲೆಕ್ಕಕ್ಕೆ ಹಿಡಿಯಲ್ಲ ಕಣೋ," ಅಂದಳು ಏಳನೇ ಕೋಣೆಯ ನೋರಾ ಟೂಮಿ. ನಲವತ್ತು ವರ್ಷ ಊರಿನ ಅಂಚೆ ಕಚೇರಿ ನಡೆಸಿದವಳು. ಸರ್ಕಾರದ ನಿಯಮಾವಳಿಯನ್ನು ಪತ್ತೇದಾರಿ ಕಾದಂಬರಿಯಂತೆ ಓದುವವಳು. "ಪುಟ ಮೂವತ್ತೊಂದು. ಮ್ಯಾನೇಜರು ಮ್ಯಾನೇಜರಾಗೇ ಇರ್ಬೇಕು. ಗಂಜಿ ತಿರುವಿದ್ರೆ ತಪ್ಪು."

"ಹಾಗಾದ್ರೆ ನಾನು ಸತ್ತೆ!"

"ಸಾಯೋದಕ್ಕೆ ಪುರುಸೊತ್ತಿಲ್ಲ. ನೀನು ಅಂಗಿ ಬಿಚ್ಚಬೇಡ. ಮ್ಯಾನೇಜರು ನಾನಾಗ್ತೀನಿ." ಮುತ್ತಿನ ಸರ ಕೊರಳಿಗೆ ಬಿದ್ದಾಗಿತ್ತು, ನೋರಾ ಆಫೀಸು ಸೇರಿಯಾಗಿತ್ತು.

ತಪಾಸಣೆಯ ಮಿಸೆಸ್ ಹ್ಯಾನ್‌ರಟ್ಟಿ ಮಡಿಸಿಟ್ಟ ಕೊಡೆಯ ಹಾಗೆ ನೆಟ್ಟಗಿದ್ದಳು, ಈ ಕಡೆಗೆ ಹೊಸಬಳು. ಬಾಗಿಲ ಮೇಲಿನ 'ಎಫ್. ಕ್ವಿಗ್ಲಿ' ಫಲಕ ಓದಿದಳು.

"ಫ್ಲಾರೆನ್ಸ್," ಅಂದಳು ನೋರಾ, ಕಣ್ಣು ಮಿಟುಕಿಸದೆ.

ಹೊರಗೆ ನೆಲ ಒರೆಸುತ್ತಿದ್ದ ಫಿಂಟನ್ ಮೈಯೆಲ್ಲ ಕಿವಿಯಾಗಿಬಿಟ್ಟ. ಯಾರ ಪಾಳಿ ಯಾವಾಗ, ಯಾರು ರಜೆ ಹಾಕಿದರೆ ಬದಲಿ ಯಾರು, ಯಾರ ತರಬೇತಿ ಯಾವಾಗ ಮುಗಿಯಿತು, ನೋರಾ ಅಂಚೆ ವಿಂಗಡಿಸಿದಷ್ಟೇ ಸಲೀಸಾಗಿ ಒಪ್ಪಿಸುತ್ತಿದ್ದಳು. ಅದರಲ್ಲಿ ಅರ್ಧ ಅವನಿಗೂ ಗೊತ್ತಿರಲಿಲ್ಲ.

"ಅದ್ಭುತ! ಆರೈಕೆಯವರು ಮೂವರು, ಸರಿಯಾಗಿದೆ," ಅಂದಳು ಹ್ಯಾನ್‌ರಟ್ಟಿ. "ಈಗ ಹಿರಿಯರನ್ನ ಎಣಿಸಿಬಿಡ್ತೀನಿ."

ಫಿಂಟನ್ ಒರೆಸುಬಟ್ಟೆಯ ಜೊತೆ ಕುಣಿಯಲು ಶುರುಮಾಡಿದ್ದ. ಪ್ಯಾಕಿ ಅವನ ತೋಳು ಹಿಡಿದೆಳೆದ.

"ಲೋ ಫಿಂಟನ್! ಹನ್ನೆರಡನೆಯವಳು ಆಫೀಸಲ್ಲಿ ಕೂತು ಸಹಿ ಹಾಕ್ತಿದಾಳಲ್ಲೋ! ಒಬ್ಬರು ಕಮ್ಮಿಯಾದ್ರೆ ಪೊಲೀಸ್ ಬರ್ತಾರೆ, ಕೆರೆಗೆ ಬಲೆ ಹಾಕ್ತಾರೆ!"

ಎರಡು ನಿಮಿಷದಲ್ಲಿ ಫಿಂಟನ್ ಏಳನೇ ಕೋಣೆಯ ಹಾಸಿಗೆಯಲ್ಲಿದ್ದ. ಡಿಂಪ್ನಾಳ ಅಂಗಿಯ ಮೇಲೆ ನೋರಾಳ ಹೂವಿನ ನಿಲುವಂಗಿ, ತಲೆಗೆ ಉಣ್ಣೆಯ ಟೋಪಿ, ಮೂಗಿನವರೆಗೆ ಕಂಬಳಿ. ಅವನು ಉಸಿರೆಳೆದಾಗ ಒಳಗೆಲ್ಲೋ ಗುಂಡಿಯೊಂದು ಸಿಡಿದು ಕಂಬಳಿಗೆ ಬಡಿಯಿತು.

"ಈಗ ಆರೈಕೆಯವರೇ ಒಬ್ಬರು ಕಮ್ಮಿ ಕಾಣ್ತಾರಲ್ಲ?" ಬಾಗಿಲಾಚೆ ಹ್ಯಾನ್‌ರಟ್ಟಿಯ ದನಿ.

"ಏಳನೇ ಕೋಣೆಯಲ್ಲಿದಾನೆ ಮೇಡಂ," ಅಂದ ಪ್ಯಾಕಿ. "ಅಲುಗಾಡೋ ಹಾಗಿಲ್ಲ ಪಾಪ."

ಬಾಗಿಲು ತೆರೆಯಿತು. ಹ್ಯಾನ್‌ರಟ್ಟಿ ಸುತ್ತ ನೋಡಿದಳು. "ನಿಮ್ಮನ್ನ ನೋಡ್ಕೊಳ್ಳೋನು ಎಲ್ಲಿ, ಅಜ್ಜಿ?"

"ಇಲ್ಲೇ ಎಲ್ಲೋ ಇದಾನೆ ತಾಯಿ," ಫಿಂಟನ್ ಕೀಚಲು ದನಿ ತೆಗೆದ. "ನನ್ನನ್ನ ಬಿಟ್ಟು ಒಂದು ಹೆಜ್ಜೆ ಹೋಗಲ್ಲ."

ಹ್ಯಾನ್‌ರಟ್ಟಿ ಬರೆದುಕೊಂಡಳು. "ಕೊನೇ ಪ್ರಶ್ನೆ. ಎಲ್ಲರನ್ನೂ ಕೇಳ್ಬೇಕು. ಇಲ್ಲಿಯ ಹೊಣೆ ಯಾರದು, ಗೊತ್ತಾ?"

'ನನ್ನದು' ಎಂಬುದು ನಾಲಿಗೆಯ ತುದಿವರೆಗೆ ಬಂತು. ಫಿಂಟನ್ ಅದನ್ನು ಬಿಸಿ ಆಲೂಗಡ್ಡೆಯಂತೆ ನುಂಗಿದ.

"ಮಿಸ್ ಕ್ವಿಗ್ಲಿ," ಅಂದ. "ದೇವರಂಥವರು."

ಹ್ಯಾನ್‌ರಟ್ಟಿಯ ಕಣ್ಣು ಒದ್ದೆಯಾಯಿತು. ಅಲ್ಲೇ ನಿಂತು ಡಬ್ಲಿನ್ನಿನ ಮಾಲೀಕರಿಗೆ ಫೋನು ಹಚ್ಚಿದಳು. "ಇಂಥ ಮ್ಯಾನೇಜರನ್ನ ನಾನು ಕಂಡೇ ಇಲ್ಲ. ಇನ್ಮೇಲೆ ಪ್ರತಿ ಮಂಗಳವಾರ ಬೇರೆ ಆಶ್ರಮದ ಮ್ಯಾನೇಜರುಗಳನ್ನೂ ಕರ್ಕೊಂಡು ಬರ್ತೀನಿ, ಇವರನ್ನ ನೋಡಿ ಕಲೀಲಿ."

"ಯಾರು, ಕ್ವಿಗ್ಲಿನಾ?" ಮಾಲೀಕರ ದನಿ ಕೋಣೆಯೆಲ್ಲ ಕೇಳಿಸಿತು. "ಇವತ್ತಿಂದಲೇ ಕಾಯಂ!"

ಕಂಬಳಿಯೊಳಗೆ ಫಿಂಟನ್ ಕಾಯಂ ಆದ.

ಬೂದು ಕಾರು ತಿರುವು ದಾಟಿದ ಮೇಲೆ ಅವನು ನಿಲುವಂಗಿಯಲ್ಲೇ ಆಫೀಸಿಗೆ ಓಡಿದ. ಕೈಯಲ್ಲಿ ನೋರಾಳ ಮೆತ್ತನೆಯ ಚಪ್ಪಲಿ.

"ಬನ್ನಿ ನೋರಾ, ನಾಟಕ ಮುಗೀತು. ನನ್ನ ಕುರ್ಚಿ ಬಿಡಿ. ನಿಮಗೆ ತೋಟದ ಕಡೆ ಕಿಟಕಿ ಇರೋ ಕೋಣೆ ಕೊಡ್ತೀನಿ. ಭಾನುವಾರದ ತಿಂಡಿಗೆ ಎರಡು ಸಾಸೇಜು."

"ಮಂಗಳವಾರ ಅವಳು ಬಂದಾಗ ಈ ಕುರ್ಚಿಯಲ್ಲಿ ಯಾರಿರ್ಬೇಕು?" ನೋರಾ ಪಾಳಿ ಪಟ್ಟಿಯಿಂದ ತಲೆ ಎತ್ತಲಿಲ್ಲ. "ನಾಳೆ ಬೆಳಗಿನ ಪಾಳಿ ನಿಂದು. ಡಿಂಪ್ನಾಗೆ ಎರಡು ದಿನ ರಜೆ ಕೊಟ್ಟಿದೀನಿ. ಹೆಣ್ಣು ಕರುವಂತೆ."

"ಮೂರು ಸಾಸೇಜು, ನೋರಾ!"

"ಬೇಡ," ಅಂದಳು ನೋರಾ.